ಅಳತೆಯ ಕುಬಸ

ನನ್ನ ಮೊಮ್ಮಗಳಿಗೆ ಈಗ ಐದು ತಿಂಗಳು. ಮಗಳಿಗೆ ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹುಟ್ಟಿದ ಕೂಸು. ನಗುತ್ತದೆ, ನನ್ನ ಮೂಗು ಹಿಡಿದು ಎಳೆಯುತ್ತದೆ, ನಾನು ಒಳಗೆ ಕೆಮ್ಮಿದರೂ ಈ ಕಡೆ ಕತ್ತು ತಿರುಗಿಸುತ್ತದೆ. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಈ ಸುದ್ದಿಯನ್ನು ನಾನು ಎರಡೆರಡು ಸಲ ಹೇಳದ ಮನೆ ಉಳಿದಿಲ್ಲ. ಮೂರನೇ ಸಲ ಹೇಳಲು ಹೋದರೆ ಕೆಲವರು ಚಹಾ ಕೊಟ್ಟು ಬಾಯಿ ಮುಚ್ಚಿಸುತ್ತಾರೆ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಪೆನ್ನು ಹಿಡಿದು ಬರೆಯಲು ಕೂತದ್ದೂ ಈ ಖುಷಿಗೇ.

ಆದರೆ ಖುಷಿಯನ್ನು ಬರೆಯಲು ಹೋದರೆ ಅದರ ಸೆರಗು ಹಿಡಿದುಕೊಂಡು ಇನ್ನೊಂದು ಮಾತು ಬರುತ್ತದೆ. ಅದನ್ನು ಬಿಟ್ಟರೆ ಬರೆದದ್ದೆಲ್ಲ ಸುಳ್ಳಾಗುತ್ತದೆ. ಈ ಕೂಸು ಇನ್ನೂ ಹೊಟ್ಟೆಯಲ್ಲಿದ್ದಾಗ, ನನ್ನವರೆಲ್ಲ ಸೇರಿ ಮೂವತ್ತು ವರ್ಷ ನನ್ನನ್ನು ಮೋಸದಲ್ಲಿ ಇಟ್ಟಿದ್ದರು ಎಂದು ನನಗೆ ತಿಳಿಯಿತು. ಮೋಸ ಅಂದರೆ ಆಸ್ತಿಯದಲ್ಲ, ಮತ್ತೊಂದು ಹೆಂಗಸಿನದಲ್ಲ. ನನ್ನ ಮೈಯದು.

ಮಗಳು ಹುಮನಾಬಾದಿನಲ್ಲಿ ಇರುವವಳು. ಅಳಿಯನಿಗೆ ಅಲ್ಲಿ ಔಷಧಿ ಕಾರ್ಖಾನೆಯೊಂದರಲ್ಲಿ ಕೆಲಸ. ಮೂರು ತಿಂಗಳು ತುಂಬಿದ ಮೇಲೆ ಅವಳು ಬಸ್ಸು ಹತ್ತಿ ತಾನೇ ಬಂದಳು. ಫೋನಿನಲ್ಲಿ ಹೇಳುವ ಮಾತಲ್ಲ ಅಂತ. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ನನಗೆ ಗೊತ್ತಾಯಿತು. ನಾನು ಅಳುತ್ತಾ ಸಕ್ಕರೆ ಡಬ್ಬಿ ಹುಡುಕಿದೆ, ನಮ್ಮ ಯಜಮಾನರು ಸುಮ್ಮನೆ ಕನ್ನಡಕ ಒರೆಸಿಕೊಂಡರು.

"ಅವ್ವಾ, ಬಾಣಂತನ ಇಲ್ಲೇ. ಕೂಸಿಗೆ ನೀನ ಎರೀಬೇಕು. ಬ್ಯಾರೆ ಯಾರ ಕೈಯಾಗೂ ನಾ ಕೊಡಾಂಗಿಲ್ಲ," ಅಂದಳು.

"ನಾ ಅಲ್ದ ಇನ್ಯಾರ ಎರೀತಾರ? ಕೇಳೂ ಮಾತೇನ ಇದು?" ಅಂದೆ.

ನಮ್ಮಲ್ಲಿ ಕೂಸಿಗೆ ಎರೆಯುವುದೆಂದರೆ ಹಿರಿ ಹೆಂಗಸು ನೆಲದ ಮೇಲೆ ಮಣೆ ಹಾಕಿ ಕೂತು, ಎರಡೂ ಕಾಲು ಉದ್ದಕ್ಕೆ ಚಾಚಿ, ಆ ಕಾಲಿನ ಮೇಲೆ ಕೂಸನ್ನು ಮಲಗಿಸಿ ಎಣ್ಣೆ ತಿಕ್ಕಿ ಬಿಸಿನೀರು ಹಾಕುವುದು. ನನ್ನ ತವರು ಘಾಟಬೋರಾಳದಲ್ಲಿ ನಮ್ಮವ್ವ ನನ್ನ ಮಗಳಿಗೆ ಹಾಗೆ ಎರೆದಳು. ತವರಿನ ಅವ್ವ ಎರೆದ ಮೈ ಕಸುವುಳ್ಳದ್ದು ಅಂತ ನಮ್ಮ ಮಂದಿಯ ನಂಬಿಕೆ. ಒಂಬತ್ತು ವರ್ಷ ನಾನು ಕಾದದ್ದು ಆ ಮಣೆಯ ಮೇಲೆ ಕೂರಲಿಕ್ಕೇ ಅಂದರೂ ನಡೆದೀತು.

ಮಗಳು ಹೋದ ಮರುದಿನ ಒಂದು ಕಂಬಳಿಯನ್ನು ಸುರುಳಿ ಸುತ್ತಿ ಕೂಸು ಮಾಡಿದೆ. ಕಂಬಳಿಗೆ ನಮ್ಮಲ್ಲಿ ಬರವಿಲ್ಲ. ಕುರಿ ಕಾಯುವ ಮಂದಿ ನಮ್ಮವರು. ಮಾವನವರು ಕಂಬಳಿ ಮಾರಲು ಬಸವಕಲ್ಯಾಣಕ್ಕೆ ಬಂದು ಇಲ್ಲೇ ಅಂಗಡಿ ಹಾಕಿ ನಿಂತವರು, ಈಗ ಅದನ್ನು ಯಜಮಾನರು ನೋಡುತ್ತಾರೆ. ಬಚ್ಚಲಲ್ಲಿ ಮಣೆ ಹಾಕಿ, ಗೋಡೆ ಹಿಡಿದು, ದೇವರನ್ನು ನೆನೆದು ಕೂತೆ. ಕಾಲು ಚಾಚಿದೆ. ಕಂಬಳಿಯ ಕೂಸಿಗೆ ನೀರಿಲ್ಲದೇ ಎರೆದೆ, ಅದರ ಮೂಗು ತಿದ್ದಿದೆ, ಹಾಡೂ ಹೇಳಿದೆ. ಎಲ್ಲ ಚೆಂದ ಆಯಿತು. ಏಳಲು ಹೋದೆ, ಆಗಲಿಲ್ಲ.

ಮಗ್ಗುಲಾಗಿ ನೋಡಿದೆ, ಮಂಡಿ ಊರಿ ನೋಡಿದೆ. ಮಂಡಿಯೊಳಗೆ ಯಾರೋ ಸೂಜಿ ಹೊಗಿಸಿದ ಹಾಗೆ. ಕೊನೆಗೆ ಕೂಗಿದೆ. ಯಜಮಾನರು ಒಂದು ರಟ್ಟೆ, ಪಕ್ಕದ ಮನೆಯಾಕೆ ಇನ್ನೊಂದು ರಟ್ಟೆ ಹಿಡಿದು ಎಳೆದರು.

"ಹತ್ತು ಕಂಬಳಿ ಗಂಟು ಒಮ್ಮೆಲೇ ಎತ್ತೇನಿ, ಆದ್ರ ಇಷ್ಟು..." ಅಂದ ಯಜಮಾನರು ಮಾತನ್ನು ಅಲ್ಲೇ ನುಂಗಿದರು. ಪಕ್ಕದ ಮನೆಯಾಕೆ ಅವರ ಮುಖ ನೋಡಿದಳು. ಆ ನೋಟದ ಅರ್ಥ ನನಗೆ ಆಗ ಆಗಲಿಲ್ಲ.

ಎಲುಬಿನ ಡಾಕ್ಟರು ಹುಮನಾಬಾದಿನಲ್ಲಿ ಇರುವುದರಿಂದ ಅಲ್ಲಿಗೇ ಹೋದೆ. ಮಗಳೂ ಜೊತೆಗೆ ಬಂದಳು. ನರ್ಸು ನನ್ನನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದಳು, ಆಮೇಲೆ ತೂಕದ ಮಶೀನಿನ ಮೇಲೆ ಹತ್ತಿಸಿದಳು. ನಾಲ್ಕು ಅಡಿ ಹನ್ನೊಂದು ಇಂಚು. ಎಪ್ಪತ್ತೆರಡು ಕಿಲೋ.

ಡಾಕ್ಟರು ಮಂಡಿ ಮಡಚಿ, ಬಿಡಿಸಿ, ಫೋಟೋ ತೆಗೆಸಿ ನೋಡಿ ಹೇಳಿದರು: "ಮಂಡಿ ಸವೀಲಾಕ ಹತ್ಯಾದರಿ ಅಮ್ಮಾ, ಆದ್ರ ಕೆಟ್ಟಿಲ್ಲ. ಮೈ ತೂಕ ಇಳಿಸ್ರಿ. ನಿಮ್ಮ ಎತ್ತರಕ್ಕ ಇದು ಭಾಳ ಆತು."

"ನನ್ನ ತೂಕ ಏರೇ ಇಲ್ರಿ ಸಾಹೇಬ್ರ."

"ಯಾವಾಗಿಂದ?"

"ಮದ್ವಿ ಆದಾಗಿಂದ. ಮೂವತ್ತು ವರ್ಷದಿಂದ ಒಂದೇ ಅಳತಿ ಕುಬಸ ಹಾಕ್ತೇನಿ. ಒಂದು ನೂಲು ಹೆಚ್ಚಿಲ್ಲ, ಕಮ್ಮಿ ಇಲ್ಲ. ಬೇಕಾದ್ರ ನಮ್ಮ ದರ್ಜೀನ್ನ ಕೇಳ್ರಿ."

ನರ್ಸು ನಕ್ಕಳು. ಡಾಕ್ಟರು ನಗಲಿಲ್ಲ, ಪೆನ್ನು ಕೆಳಗಿಟ್ಟರು. ನಾನು ಮಗಳ ಕಡೆ ತಿರುಗಿ, "ಹೇಳವ್ವಾ ನೀನಾದ್ರೂ," ಅಂದೆ. ಅವಳು ತನ್ನ ಬಳೆ ನೋಡಿಕೊಳ್ಳುತ್ತಿದ್ದಳು.

ಈ ಕುಬಸದ, ಅಂದರೆ ರವಿಕೆಯ, ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಹೆಂಗಸರ ಮೈಗೆ ದರ್ಜಿ ಟೇಪು ಹಿಡಿಯುವುದಿಲ್ಲ. ಹೊಸ ಬಟ್ಟೆಯ ಜೊತೆಗೆ, ಈಗ ತೊಡುವ ಕುಬಸವೊಂದನ್ನು ಅಳತೆಗೆ ಅಂತ ಕೊಡುತ್ತೇವೆ. ಅದನ್ನು ನೋಡಿ ಅವನು ಹೊಸದನ್ನು ಹೊಲಿಯುತ್ತಾನೆ. ಮುಂದಿನ ವರ್ಷ ಆ ಹೊಸದೇ ಅಳತೆಯ ಕುಬಸ. ಹಳೆಯವೆಲ್ಲ ಹಳೆ ಸೀರೆಗಳ ಜೊತೆ ಪಾತ್ರೆಯವಳಿಗೆ ಹೋಗುತ್ತವೆ. ಬಟ್ಟೆ ಒಯ್ದು ಸ್ಟೀಲಿನ ಬೋಗುಣಿ ಕೊಡುವವಳಿಗೆ. ಪ್ರತಿ ವರ್ಷ ನಾನು ದರ್ಜಿಯನ್ನು ಕೇಳುತ್ತಿದ್ದೆ, "ಅಳತಿ ಅದ ಅದ ಏನೋ ತಮ್ಮಾ?" ಅಂತ. ಪ್ರತಿ ವರ್ಷ ಅವನು, "ಅದೇ ಅಳತಿ ಅಕ್ಕಾ. ನಿಮ್ಮಂಥ ಮೈ ಈ ಊರಾಗ ಇಲ್ಲ," ಅನ್ನುತ್ತಿದ್ದ. ನಾನು ಆ ಮಾತನ್ನು ಮನೆಗೆ ಒಯ್ದು ಕನ್ನಡಿ ಮುಂದೆ ಇಡುತ್ತಿದ್ದೆ. ಕನ್ನಡಿಯಲ್ಲಿ ಕಾಣುವುದು ಬೇರೆ ಇದ್ದರೂ ನಾನು ನಂಬಿದ್ದು ಕುಬಸವನ್ನು. ಅದು ಒಂದು ದಿನವೂ ಬಿಗಿಯಾಗಿರಲಿಲ್ಲ ನೋಡಿ.

ಅಷ್ಟಕ್ಕೇ ಬಿಟ್ಟೆನೇ? ಇಲ್ಲ. ಮದುವೆ ಮನೆಗಳಲ್ಲಿ ಸರೀಕರ ಸೊಂಟ ಚಿವುಟಿ, "ಏನವ್ವಾ, ಹಿಟ್ಟಿನ ಚೀಲ ಕಟ್ಟಿಕೊಂಡು ಬಂದೀಯೇನ?" ಅನ್ನುವವಳು ನಾನು. "ನನ್ನ ನೋಡ್ರಿ, ಮದ್ವಿ ವರ್ಷದ ಅಳತಿ," ಅನ್ನುವವಳು. ಅವರು ನಗುತ್ತಿದ್ದರು. ನನ್ನ ಜೊತೆ ನಗುತ್ತಾರೆ ಅಂದುಕೊಂಡಿದ್ದೆ.

ಡಾಕ್ಟರು ಸಾವಕಾಶವಾಗಿ ತಿಳಿಸಿ ಹೇಳಿದರು. "ಕುಬಸ ತಕ್ಕಡಿ ಅಲ್ರಿ ಅಮ್ಮಾ. ನಿಮ್ಮದು ಗಿಡ್ಡ ಮೈ, ಅಗಲ ಎಲುಬು. ಕಡ್ಡಿ ಆಗ್ರಿ ಅಂತ ನಾ ಹೇಳಾಂಗಿಲ್ಲ, ನಲವತ್ತೈದು ಕಿಲೋ ನಿಮಗ ಬ್ಯಾಡ. ಐವತ್ತೈದರ ಹತ್ರ ಬಂದ್ರ ಛಲೋ. ಅದೂ ಗಡಿಬಿಡಿ ಇಲ್ಲ. ಮೊದಲ ಐದಾರು ಕಿಲೋ ಕಮ್ಮಿ ಆಗಲಿ, ಮಂಡಿ ತಾನ ಹೇಳ್ತದ ಫರಕ್ ಏನಂತ." ತೊಡೆಗೆ ಕಸುವು ಬರಲು ಕಾಲು ಎತ್ತುವುದನ್ನು ಕಲಿಸಿದರು.

"ಕೂಸಿಗೆ ಎರ್ಯಾಕ ಆಗ್ತದಲ್ರಿ?"

"ಇನ್ನಾ ಆರು ತಿಂಗಳ ಅದಾವ. ಎಲ್ಲಾ ನಿಮ್ಮ ಕೈಯಾಗ ಅದ," ಅಂದರು.

ಬಸ್ಸಿನಲ್ಲಿ ಕೂತು ಬಸವಕಲ್ಯಾಣಕ್ಕೆ ಬರುವವರೆಗೂ ಆ ತೂಕದ ಮಶೀನು ಕೆಟ್ಟಿದೆ ಅಂತಲೇ ನನ್ನ ಲೆಕ್ಕ. ಮನೆಗೆ ಹೋಗದೆ ನೆಟ್ಟಗೆ ದರ್ಜಿಯ ಅಂಗಡಿಗೆ ಹೋದೆ. ಅವನು ನನಗಿಂತ ಒಂದೆರಡು ವರ್ಷ ಚಿಕ್ಕವನು. ನಾಗರ ಪಂಚಮಿಗೆ ತಮ್ಮನೆಂದು ಅವನಿಗೆ ಉಂಡಿ ಕೊಡದೆ ನಾನು ಉಂಡವಳಲ್ಲ. ಒಳಗೆ ಇನ್ನೊಬ್ಬಾಕೆ ತನ್ನ ಬಟ್ಟೆಗೆ ಕಾಯುತ್ತಾ ಕೂತಿದ್ದಳು. ಮಗಳ ಮನೆಯಲ್ಲಿ ಉಳಿಯಬೇಕಾದೀತು ಅಂತ ಕೈಚೀಲದಲ್ಲಿ ಒಯ್ದಿದ್ದ ಕುಬಸವನ್ನು ಹೊಲಿಗೆ ಮಶೀನಿನ ಮೇಲೆ ಇಟ್ಟೆ.

"ಇದು ಎಷ್ಟು ಇಂಚು ಅದಪಾ, ಎದಿ ಸುತ್ತಳತಿ?"

"ಈಗ್ಯಾಕ ಅಕ್ಕಾ, ಹಬ್ಬ ಇನ್ನಾ ದೂರ ಅದ."

"ಎಷ್ಟು ಅದ ಹೇಳು."

ಅವನು ಟೇಪನ್ನು ಕೊರಳಿಂದ ತೆಗೆಯಲೇ ಇಲ್ಲ. "ನಲವತ್ತೊಂದು," ಅಂದ.

"ನನ್ನ ಮದ್ವಿ ವರ್ಷದ್ದು?"

"ಅಕ್ಕಾ..."

"ನೀನ ಹೊಲ್ದಿದ್ದಿ. ನೀ ಮರ್ತಿರಾಂಗಿಲ್ಲ."

"ಮೂವತ್ತು."

ನನಗೆ ಲೆಕ್ಕ ಬರುವುದಿಲ್ಲ ಅಂತಲ್ಲ. ಆದರೂ ಬೆರಳು ಮಡಚಿ ಎಣಿಸಿದೆ. ಹನ್ನೊಂದು. ನನ್ನ ಮೊಳಕೈಯಿಂದ ಅಂಗೈವರೆಗಿನಷ್ಟು ಉದ್ದ. ಅಷ್ಟು ನಾನು ಬೆಳೆದಿದ್ದೆ, ನನಗೆ ಗೊತ್ತಿಲ್ಲದೆ.

"ಒಮ್ಮೆಲೇ ಬಿಟ್ಟಿಲ್ಲ ಅಕ್ಕಾ. ಒಂದು ವರ್ಷ ಪಾವು ಇಂಚು, ಒಂದು ವರ್ಷ ಅರ್ಧ. ನಿಮಗ ಬಿಗಿ ಆಗಬಾರ್ದು ಅಂತ."

"ನನಗ ಗೊತ್ತಾಗಬಾರ್ದು ಅಂತ."

ಕೂತಿದ್ದ ಹೆಂಗಸು ಗೋಡೆಗೆ ತೂಗುಹಾಕಿದ ಬಟ್ಟೆ ನೋಡುವಂತೆ ಮುಖ ತಿರುಗಿಸಿದ್ದಳು. ಅವಳ ಬೆನ್ನು ಮೆಲ್ಲಗೆ ಅಲುಗುತ್ತಿತ್ತು. ಆಗ ತಿಳಿಯಿತು, ಊರಿಗೆಲ್ಲ ಗೊತ್ತಿದೆ ಅಂತ. ಕಿವಿ ಕಾದುಹೋದವು.

"ಯಾರು ಹೇಳಿದ್ರು ನಿಂಗ ಹಿಂಗ ಮಾಡಂತ?"

"ಅಣ್ಣೋರು," ಅಂದ. ಅಣ್ಣೋರು ಅಂದರೆ ನಮ್ಮ ಯಜಮಾನರು. "ಕೈ ಮುಗ್ದು ಕೇಳಿದ್ರು ಅಕ್ಕಾ. ನಿಮ್ಮ ಅತ್ತಿಯವ್ರು ಇದ್ದಾಗ."

ಕುಬಸವನ್ನು ಅಲ್ಲೇ ಬಿಟ್ಟು ಹೊರಟೆ. ದಾರಿಯಲ್ಲಿ ಯಾರೋ ಮಾತಾಡಿಸಿದರು, ಯಾರು ಅಂತ ನೋಡಲಿಲ್ಲ. ಮೈಮೇಲಿದ್ದ ಬಟ್ಟೆಯೇ ನನ್ನನ್ನು ನೋಡಿ ನಗುವ ಹಾಗೆ ಅನಿಸುತ್ತಿತ್ತು. ಗಂಡ ಸುಳ್ಳು ಹೇಳಿದರೆ ಒಂದು ಮಾತು. ಮೈಗೆ ತಾಗಿಕೊಂಡೇ ಇರುವ ಬಟ್ಟೆ ಸುಳ್ಳು ಹೇಳಿದರೆ ಹೆಣ್ಣುಮಗಳು ಯಾವುದನ್ನು ನಂಬಬೇಕು?

ಯಜಮಾನರು ಅಂಗಡಿಯಲ್ಲಿ ಕಂಬಳಿ ಮಡಚುತ್ತಿದ್ದರು. ನನ್ನ ಮುಖ ನೋಡಿ ಮಡಚುವುದನ್ನು ನಿಲ್ಲಿಸಿದರು.

"ಹನ್ನೊಂದು ಇಂಚು," ಅಂದೆ.

ಅವರು ಕೇಳಲಿಲ್ಲ ಯಾವ ಹನ್ನೊಂದು ಅಂತ. ಅದೇ ನನಗೆ ಹೆಚ್ಚು ಚುಚ್ಚಿತು.

"ಕೂಡು ಇಲ್ಲೆ."

"ಕೂಡಾಂಗಿಲ್ಲ. ಕೂತ್ರ ಏಳಾಕ ಬರಾಂಗಿಲ್ಲಲ್ಲ. ಯಾಕ ಹೇಳ್ಲಿಲ್ರಿ?"

"ಹೇಳಿದ್ರ ಉಣ್ಣೂದು ಬಿಡ್ತಿದ್ದಿ. ಮರ್ತೇನು?"

ಮರೆತಿರಲಿಲ್ಲ. ಮಗಳು ಹುಟ್ಟಿ, ತವರಿನಿಂದ ಬಾಣಂತನ ಮುಗಿಸಿಕೊಂಡು ಬಂದ ಹೊಸದು. ದರ್ಜಿ ಒಳ್ಳೆಯ ಮನಸ್ಸಿನಿಂದಲೇ ಅತ್ತೆಯ ಮುಂದೆ, "ಎರಡು ಇಂಚು ಬಿಡಬೇಕಾಗ್ತದ ನೋಡ್ರಿ," ಅಂದಿದ್ದ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ತವರ ಮನಿ ಹಿಟ್ಟು ಸಾಲ್ಲಿಲ್ಲ, ಇನ್ನ ನಮ್ಮ ಗಡಗಿಗೆ ಕೈ ಹಾಕ್ತಾಳ," ಅಂದರು. ಅವತ್ತಿನಿಂದ ನನ್ನ ಗಂಗಾಳದಲ್ಲಿ ಅರ್ಧ ರೊಟ್ಟಿ. ಅತ್ತೆ ಎಣಿಸಲಿಲ್ಲ, ನಾನೇ ಎಣಿಸಿಕೊಂಡೆ. ಎದೆಹಾಲು ಬತ್ತಿತು. ಒಂದು ಮುಂಜಾನೆ ಬೋರಿಂಗಿನ ಹತ್ತಿರ ಕೊಡ ಎತ್ತಲು ಹೋಗಿ ಬಿದ್ದೆ. ಆಗ ಇವರು ನನ್ನನ್ನು ಎತ್ತಿಕೊಂಡು ಬಂದದ್ದು. "ಕುರಿಮರಿ ಎತ್ತಿದಾಂಗ ಆತು ನಂಗ," ಅಂತ ಅಂದು ಅತ್ತಿದ್ದರು. ಗಂಡಸು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಅವತ್ತ ಸಂಜಿಗೆ ದರ್ಜೀನ್ನ ಕಂಡೆ," ಅಂದರು. "ಆಕಿ ಮೈ ಎಷ್ಟ ತುಂಬಲಿ, ಅಳತಿ ಅದೇ ಅದ ಅನ್ನು ಅಂದೆ. ನೀ ಮತ್ತ ಉಣ್ಣಾಕತ್ತಿದಿ. ವರ್ಷಾ ಅವ ಪಾವು ಇಂಚು ಬಿಟ್ಟೇನಿ ಅಂದಾಗ ನಂಗ ಹಬ್ಬ ಆದಾಂಗ ಆಗ್ತಿತ್ತು."

ಇದನ್ನು ಕೇಳಿ ನಾನು ಕರಗಬೇಕಿತ್ತು. ಕರಗಲಿಲ್ಲ.

"ನಿಮ್ಮವ್ವ ಹೋಗಿ ಹದಿನೆಂಟು ವರ್ಷ ಆತು. ಆಮ್ಯಾಲ ಯಾರ ಅಂಜಿಕಿ ಇತ್ರಿ?"

"ಆಮ್ಯಾಲ ನಿಂದೇ ಅಂಜಿಕಿ," ಅಂದರು.

ಬೇರೆ ದಿನವಾದರೆ ನಗು ಬರುತ್ತಿತ್ತು. ನನ್ನನ್ನು ಉಳಿಸಲು ಹೇಳಿದ ಸುಳ್ಳು ಅಂತ ಒಪ್ಪುತ್ತೇನೆ. ಒಂದು ವರ್ಷದ ಸುಳ್ಳಿಗೆ ನಾನು ಅವರ ಕಾಲಿಗೆ ಬೀಳುತ್ತಿದ್ದೆ. ಉಳಿದಷ್ಟೂ ವರ್ಷ ನನ್ನನ್ನು ಚಿಕ್ಕ ಹುಡುಗಿಯ ಹಾಗೆ ಆಡಿಸಿದರಲ್ಲ, ನಾನು ಮದುವೆ ಮನೆಗಳಲ್ಲಿ ಜಂಬ ಕೊಚ್ಚುವುದನ್ನು ಪಕ್ಕದಲ್ಲೇ ನಿಂತು ಕೇಳಿದರಲ್ಲ, ಅದನ್ನು ಯಾವ ಲೆಕ್ಕಕ್ಕೆ ಹಾಕಲಿ?

ಆಮೇಲೆ ಮಗಳಿಗೆ ಫೋನು ಮಾಡಿದೆ. ಅವಳಾದರೂ ನನ್ನ ಕಡೆ ಇದ್ದಾಳು ಅಂತ.

"ಅವ್ವಾ, ನಂಗ ಹತ್ತು ವರ್ಷ ಇದ್ದಾಗಿಂದ ಗೊತ್ತದ," ಅಂದಳು. "ಕುಬಸ ತರಾಕ ನನ್ನ ಕಳಸ್ತಿದ್ದಿ. ಹಳೇದು ಹೊಸಾದು ಎರಡೂ ನನ್ನ ಕೈಯಾಗ ಇರ್ತಿದ್ವು. ಹಿಡಿದು ನೋಡ್ತಿದ್ದೆ."

ನಾನು ಫೋನು ಹಿಡಿದುಕೊಂಡೇ ಗೋಡೆಗೆ ಒರಗಿದೆ. ಅವಳಿಗೆ ಗೊತ್ತಿತ್ತು ಅನ್ನುವುದಕ್ಕಿಂತ ಹೆಚ್ಚಾಗಿ ಬೇರೆಯದೊಂದು ನೆನಪಾಯಿತು. ಅವಳ ಮದುವೆಯಾದ ವರ್ಷದಿಂದ ಅವಳಿಗೆ ನಾನು ಹೇಳುತ್ತಾ ಬಂದ ಮಾತು ಅದು. "ಎರಡು ಅಳತಿ ದಾಟಿದಿ. ಮೈ ಬಂದದ, ಅದಕ್ಕ ಕೂಸು ನಿಲ್ಲವಲ್ದು. ನನ್ನ ನೋಡು, ಈ ವಯಸ್ಸಿನಾಗೂ ಮದ್ವಿ ಅಳತಿ." ಮಗಳು ಅಪ್ಪನ ಹಾಗೆ ಎತ್ತರ, ಉದ್ದ ಎಲುಬಿನವಳು. ನನ್ನ ಅಳತೆ ಅವಳಿಗೆ ಹೇಗೆ ಬರಬೇಕು? ಆದರೂ ಅವಳು ಸಂಜೆಯ ಊಟ ಬಿಟ್ಟಳು, ಬರೀ ಚಹಾದ ಮೇಲೆ ದಿನ ಕಳೆದಳು. ಎರಡು ವರ್ಷದ ಹಿಂದೆ ಹೆಂಗಸರ ಡಾಕ್ಟರು ಅವಳಿಗೆ, "ನಿಮ್ಮ ಎತ್ತರಕ್ಕ ಈ ತೂಕ ಭಾಳ ಕಮ್ಮಿ, ರಕ್ತಾನೂ ಇಲ್ಲ, ಮೊದಲ ಉಣ್ರಿ," ಅಂದಿದ್ದರಂತೆ. ಅದನ್ನೂ ನನ್ನಿಂದ ಮುಚ್ಚಿಟ್ಟಿದ್ದಳು. ಅಳಿಯ ತತ್ತಿ, ಶೇಂಗಾ ಉಂಡಿ, ಹಾಲು ತಂದು ಎದುರಿಗೆ ಕೂತು ತಿನ್ನಿಸಿದನಂತೆ.

"ನನ್ನ ಅಳತಿ ಝೂಟ್ ಅಂತ ಗೊತ್ತಿತ್ತಲ್ಲ. ಮತ್ತ ಯಾಕ ಉಪವಾಸ ಬಿದ್ದಿ?"

"ಗೊತ್ತಿದ್ರ ಏನಾತವ್ವಾ? ದಿನಾ ಹೇಳಿದ್ದು ಮೈಯಾಗ ಇಳೀತದ."

ಅಲ್ಲಿ ಕುಕ್ಕರಿನ ಸೀಟಿ ಕೇಳಿಸಿತು, ಅವಳು ಫೋನು ಇಟ್ಟಳು. ಮೋಸ ಹೋದವಳು ನಾನು, ಖರೆ. ಆದರೆ ಆ ಮೋಸದ ಕುಬಸವನ್ನು ಮಗಳ ಮೈಮೇಲೆ ಹಿಡಿದು ಅಳೆದವಳೂ ನಾನೇ.

ಸಿಟ್ಟಿನಲ್ಲಿ ಮಾಡಬಾರದ್ದನ್ನೇ ಮಾಡಿದೆ. ಊಟ ಬಿಟ್ಟೆ. ಹೊತ್ತಿಗೆ ಅರ್ಧ ರೊಟ್ಟಿ, ಒಂದು ಉಳ್ಳಾಗಡ್ಡಿ. ಯಜಮಾನರು ಗಂಗಾಳ ಹಿಡಿದುಕೊಂಡು ಬಂದರೆ, "ನಿಮಗ ಹಬ್ಬ ಮಾಡಾಕ ನಾ ಉಣ್ಣಾಂಗಿಲ್ಲ," ಅನ್ನುತ್ತಿದ್ದೆ. ಅವರ ಮುಖ ಬಾಡುವುದನ್ನು ನೋಡಿ ಒಳಗೊಳಗೆ ಸಮಾಧಾನವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ತಿಂಗಳಿಗೆ ಐದು ಕಿಲೋ ಇಳಿಯಿತು. ಹುಮನಾಬಾದಿಗೆ ಹೋಗಿ ಎದೆ ಉಬ್ಬಿಸಿ ಮಶೀನು ಹತ್ತಿದೆ. ನರ್ಸು ಮೆಚ್ಚಲಿಲ್ಲ. ಮಂಚದ ಮೇಲೆ ಕೂರಿಸಿ, "ಕಾಲು ನೆಟ್ಟಗ ಎತ್ತಿ ಹಿಡೀರಿ," ಅಂದಳು. ಹಿಡಿಯಲು ಆಗಲಿಲ್ಲ, ತೊಡೆ ನಡುಗಿತು.

"ನೋಡ್ರಿ, ಕೊಬ್ಬಿನ ಜೋಡಿ ಕಸುವೂ ಹೋಗ್ಯಾದ. ಮಂಡಿ ಹಿಡ್ಯಾಕ ತೊಡಿ ಬೇಕಲ್ರಿ ಆಯಿ? ಹಿಂಗ ಆದ್ರ ಕೂಸಿನ್ನ ಕಾಲ್ಮ್ಯಾಲ ಅಲ್ಲ, ತೊಟ್ಟಿಲಾಗ ನೋಡಬೇಕಾಗ್ತದ."

ಆ ಮಾತು ತಾಗಿತು. ಯಜಮಾನರ ಮೇಲಿನ ಸಿಟ್ಟಿಗೆ ಕೂಸನ್ನು ಕಳೆದುಕೊಳ್ಳುತ್ತಿದ್ದೆ.

ಮನೆಗೆ ಬರಲು ಮನಸ್ಸಿಲ್ಲದೆ ಘಾಟಬೋರಾಳದ ತವರಿಗೆ ಹೋದೆ. ತಮ್ಮ ಇನ್ನೂ ಕುರಿ ಇಟ್ಟುಕೊಂಡಿದ್ದಾನೆ, ಹೊಲವೂ ಇದೆ. ಅವತ್ತು ಹಟ್ಟಿಯಲ್ಲಿ ಅವನು ಗಬ್ಬದ ಕುರಿಗಳನ್ನು ಬೇರೆ ಮಾಡುತ್ತಿದ್ದ. ನಮ್ಮಪ್ಪ ಮಾಡುತ್ತಿದ್ದ ಹಾಗೆಯೇ: ಕುರಿಯ ಸೊಂಟದ ಮೇಲೆ ಕೈಯಿಟ್ಟು, ಬೆನ್ನೆಲುಬಿನ ಎರಡೂ ಬದಿಗೆ ಬೆರಳಿನಿಂದ ಒತ್ತಿ ನೋಡುವುದು. ಎಲುಬು ಚೂಪಾಗಿ ಕೈಗೆ ಚುಚ್ಚಿದರೆ ಅದು ಸೊರಗಿದೆ, ಮರಿಗೆ ಹಾಲು ಸಾಲುವುದಿಲ್ಲ. ಎಲುಬು ಸಿಗದೇ ಇದ್ದರೆ ಕೊಬ್ಬಿದೆ, ಈಯುವಾಗ ತ್ರಾಸು. ಒತ್ತಿದರೆ ಸಿಗಬೇಕು, ಚುಚ್ಚಬಾರದು. ನಾನು ಏಳೆಂಟು ವರ್ಷದವಳಿದ್ದಾಗಲೇ ಕಣ್ಣು ಮುಚ್ಚಿ ಇದನ್ನು ಹೇಳುತ್ತಿದ್ದೆ. ಉದ್ದ ಕಾಲಿನ ಕುರಿಗೂ ಗಿಡ್ಡ ಕುರಿಗೂ ಒಂದೇ ತೂಕ ಬರಲಿ ಅಂತ ಅಪ್ಪ ಒಂದು ದಿನವೂ ಅಂದವನಲ್ಲ. ಒಂದೊಂದರ ಎಲುಬು ನೋಡಿ ಅದರದರ ಮೈ. ಕುರಿಗೆ ಗೊತ್ತಿದ್ದ ನ್ಯಾಯವನ್ನು ನಾನು ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಕೊಟ್ಟಿರಲಿಲ್ಲ.

ನಾನೂ ಒಂದು ಕುರಿಯ ಮೇಲೆ ಕೈಯಿಟ್ಟೆ. "ಇದು ಬರೋಬರ್ ಅದ."

"ಕೈ ಮರ್ತಿಲ್ಲ ಅಕ್ಕಾ ನೀ," ಅಂದ ತಮ್ಮ.

"ನಂದೂ ನೋಡು ಹಂಗಾರ," ಅಂದೆ. ನಗೆಗೆ ಅಂದದ್ದೋ, ಖರೆಗೆ ಅಂದದ್ದೋ ನನಗೇ ಗೊತ್ತಿಲ್ಲ.

ಅವನು ನನ್ನ ಸೊಂಟದ ಮೇಲೆ ಎರಡು ಬೆರಳಿಟ್ಟು ಒತ್ತಿ, ವ್ಯಾಪಾರಿಯ ಹಾಗೆ ಕಣ್ಣು ಕಿರಿದು ಮಾಡಿದ. "ಎಲುಬು ಸಿಗವಲ್ದು. ಸಂತಿಗೆ ಹೊಡ್ಕೊಂಡು ಹೋಗೂ ಹೊತ್ತು ಬಂದದ," ಅಂದ. ಅವನ ಹೆಂಡತಿ, "ಸುಮ್ಮಿರ್ರಿ, ಹಿರಿ ಅಕ್ಕಗ ಹಂಗ ಅಂತಾರೇನ?" ಅಂತ ಬಾಯಿಗೆ ಸೆರಗು ಹಿಡಿದಳು. ನಾನು ನಕ್ಕೆ. ಒಂದೂವರೆ ತಿಂಗಳಲ್ಲಿ ಅದೇ ಮೊದಲ ನಗು.

ಅವತ್ತು ತವರಿನಲ್ಲಿ ಹೊಟ್ಟೆ ತುಂಬ ಉಂಡೆ. ಒಂದೂವರೆ ರೊಟ್ಟಿ, ಅದಕ್ಕಿಂತ ಹೆಚ್ಚು ಪುಂಡಿ ಪಲ್ಯ, ಬೇಳೆ, ಮಜ್ಜಿಗೆ. ಮುಂದೆ ಅದೇ ನನ್ನ ಊಟವಾಯಿತು. ಬಿಟ್ಟದ್ದು ದಿನಕ್ಕೆ ಐದು ಸಲದ ಸಿಹಿ ಚಹಾ, ಅದರ ಜೊತೆಗಿನ ಖಾರಿ ಬಿಸ್ಕೀಟು, ಯಾರು ಹಬ್ಬ ಮಾಡಿದರೂ ನಮ್ಮನೆಗೆ ಬರುವ ಹೋಳಿಗೆಯಲ್ಲಿ ನನ್ನ ಎರಡನೇ ಪಾಲು. ಮುಂಜಾನೆ ಕೆರೆಯ ಕಡೆ ನಡೆದೆ. ಮಂಚದ ಮೇಲೆ ಕೂತು ಕಾಲು ಎತ್ತಿದೆ. ಮೊದಲು ಬರಿಗಾಲು, ಆಮೇಲೆ ಮರಳು ತುಂಬಿದ ಚಿಕ್ಕ ಚೀಲ ಕಟ್ಟಿಕೊಂಡು. ಉಪವಾಸ ಬಿಟ್ಟ ಕೂಡಲೇ ಎರಡು ಕಿಲೋ ತಿರುಗಿ ಬಂತು. ಅದಕ್ಕೆ ಅತ್ತುಬಿಟ್ಟೆ. ಆಮೇಲೆ ನಿಧಾನಕ್ಕೆ ಇಳಿಯತೊಡಗಿತು. ಒಂದು ತಿಂಗಳು ಒಂದು ಕಿಲೋ, ಇನ್ನೊಂದು ತಿಂಗಳು ಏನೂ ಇಲ್ಲ.

ದರ್ಜಿಯ ಅಂಗಡಿಗೂ ಹೋದೆ. "ಇನ್ನ ಮುಂದ ಇಂಚು ಬಾಯಿ ತೆರೆದು ಹೇಳಬೇಕು," ಅಂದೆ. ಅವನು ಅಂಗಡಿಯಲ್ಲಿ ನಾಲ್ಕು ಜನ ಇದ್ದಾಗಲೇ ಗಂಟಲು ಬಿಚ್ಚಿ, "ಮೂವತ್ತೊಂಬತ್ತೂವರೆ ಅಕ್ಕಾ!" ಅಂತ ಕೂಗಿದ. ಅವನಿಗೆ ಬೈದು ಬಂದೆ. ಮಾತು ಮೊದಲಿನ ಹಾಗೆ ಆಗಿಲ್ಲ ನಮ್ಮಿಬ್ಬರದು. ಈ ಸಲ ಪಂಚಮಿಗೆ ಉಂಡಿಯನ್ನು ಬೇರೆಯವರ ಕೈಯಲ್ಲಿ ಕಳಿಸಿದೆ.

ಯಜಮಾನರ ಜೊತೆ ಮಾತು ಬಿಟ್ಟಿರಲಿಲ್ಲ, ಆದರೆ ಅವರು ಏನು ಹೇಳಿದರೂ ಒಳಗೆ ಒಂದು ಸಲ ತಿರುವಿ ನೋಡುತ್ತಿದ್ದೆ. "ಪಲ್ಯ ಛಲೋ ಆಗ್ಯಾದ," ಅಂದರೆ, ಖರೇ ಆಗಿದೆಯೋ, ನನ್ನ ಅಂಜಿಕೆಗೆ ಅಂದರೋ? "ನಡದು ನಡದು ಹಗರ ಆಗೀದಿ," ಅಂದರೆ ಎದ್ದು ಒಳಗೆ ಹೋಗುತ್ತಿದ್ದೆ. ನಂಬಿಕೆ ಹೋದ ಮನೆಯಲ್ಲಿ ಹೊಗಳಿಕೆಯೂ ಬೈಗುಳದ ಹಾಗೆ ಕೇಳುತ್ತದೆ.

ಮಗಳಿಗೆ ದಿನ ತುಂಬುವ ಹೊತ್ತಿಗೆ ನಾನು ಅರವತ್ತಾರು ಕಿಲೋ ಇದ್ದೆ. ಡಾಕ್ಟರು ಹೇಳಿದ ಐವತ್ತೈದು ಇನ್ನೂ ದೂರವೇ. ಆದರೆ ಮೆಟ್ಟಿಲು ಹತ್ತುವಾಗ ಮಂಡಿ ಕೂಗುವುದು ಕಮ್ಮಿಯಾಗಿತ್ತು. ಅಷ್ಟರಲ್ಲಿ ಕೂಸು ಬಂತು! ಆಸ್ಪತ್ರೆಯ ಬಾಗಿಲಲ್ಲಿ ನರ್ಸು ಬಟ್ಟೆ ಸರಿಸಿ ಮುಖ ತೋರಿಸಿದಾಗ ನನಗೆ ಮಂಡಿಯೂ ನೆನಪಾಗಲಿಲ್ಲ, ಮೋಸವೂ ನೆನಪಾಗಲಿಲ್ಲ. ಕರೀ ಕೂದಲು, ಬಿಗಿ ಹಿಡಿದ ಮುಷ್ಟಿ, ಉದ್ದ ಕಾಲು. ಅವರವ್ವನ ಕಾಲು.

ಹೊಕ್ಕಳ ಬಳ್ಳಿ ಉದುರಿದ ಮೇಲೆ ಎರೆಯುವ ದಿನ ಬಂತು. ಬಚ್ಚಲಲ್ಲಿ ನೀರು ಹದವಾಗಿತ್ತು, ಎಣ್ಣೆ ಬೆಚ್ಚಗಿತ್ತು, ಮಣೆ ಹಾಕಿತ್ತು. ಒಣ ಬಟ್ಟೆ ತರಲು ಅಡುಗೆಮನೆಗೆ ಹೋದೆ. ಅಲ್ಲಿ ಬಾಗಿಲ ಹಿಂದೆ ಒಬ್ಬಾಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಟ್ಟಲಲ್ಲಿ ಚಹಾ ಕುಡಿಯುತ್ತಾ ನಿಂತಿದ್ದಳು. ನಮ್ಮ ಓಣಿಯಲ್ಲಿ ಕೂಸುಗಳಿಗೆ ಎರೆಯಲು ಕರೆಯುವ ಹೆಂಗಸು. ನನ್ನನ್ನು ನೋಡಿ ಅವಳ ಬಾಯಲ್ಲಿದ್ದ ಚಹಾ ಹಾಗೇ ಉಳಿಯಿತು.

"ಯಾರು ಕರದ್ರು ನಿನ್ನ?"

ಅವಳು ನನ್ನ ಭುಜದಾಚೆ ನೋಡಿದಳು. ಹಿಂದೆ ಮಗಳು ಕೂಸನ್ನು ಎತ್ತಿಕೊಂಡು ನಿಂತಿದ್ದಳು, ಅವಳ ಹಿಂದೆ ಯಜಮಾನರು.

"ಸುಮ್ಮ, ಏನಾರೆ ಆದ್ರ ಇರಲಿ ಅಂತ," ಅಂದರು ಯಜಮಾನರು.

"ನಂಗ ಹೇಳದ?"

ಇಷ್ಟು ತಿಂಗಳು ಕಾಲೆತ್ತಿದ್ದು, ನಡೆದದ್ದು, ಹೋಳಿಗೆ ಬಿಟ್ಟದ್ದು ಎಲ್ಲ ನೋಡಿಯೂ ಇವರು ನನ್ನನ್ನು ನಂಬಿರಲಿಲ್ಲ. ನಂಬದೇ ಇದ್ದದ್ದಿರಲಿ, ಆ ಮಾತನ್ನು ನನ್ನ ಮುಖ ನೋಡಿ ಹೇಳಲೂ ಇಲ್ಲ. ಮತ್ತೆ ಬಾಗಿಲ ಹಿಂದೆ ಮುಚ್ಚಿಟ್ಟರು. ಕೈಯಲ್ಲಿದ್ದ ಬಟ್ಟೆ ಒಗೆದು ಹೊರಗೆ ಹೋಗಿಬಿಡಬೇಕು ಅನಿಸಿತು. ಅಷ್ಟರಲ್ಲಿ ಕೂಸು ಕಿರ್ ಅಂತು.

"ಅವ್ವಾ," ಅಂದಳು ಮಗಳು, "ನೀ ಬಿದ್ದಿ ಅಂದ್ರ ಕೂಸಿನ ಜೋಡಿ ಬೀಳ್ತಿ. ನಂಗ ಅಂಜಿಕಿ ಆತು. ಅದನ್ನ ನಿನಗ ಹೇಳಾಕ ಅದಕ್ಕಿಂತ ಅಂಜಿಕಿ ಆತು."

ಅವಳ ಕಣ್ಣು ತುಂಬಿದ್ದವು. ಹತ್ತು ವರ್ಷದ ಹುಡುಗಿ ಎರಡು ಕುಬಸ ಕೈಯಲ್ಲಿ ಹಿಡಿದು ಹೇಳಲೋ ಬೇಡವೋ ಅಂತ ನಿಂತದ್ದು ಹೀಗೆಯೇ ಇರಬೇಕು ಅಂದುಕೊಂಡೆ. ಇವರೆಲ್ಲ ಸುಳ್ಳು ಹೇಳುವುದು ಕಲಿತದ್ದು ಖರೆ ಹೇಳಿದರೆ ನಾನು ಏನು ಮಾಡುತ್ತೇನೆ ಅನ್ನುವ ಅಂಜಿಕೆಯಲ್ಲಿ. ಅಂಜಿಸಿದವಳು ನಾನೇ. ಹಾಗಂತ ನೋವು ಹೋಗಲಿಲ್ಲ.

"ಆಕೀನ್ನ ಬಾಗಿಲ ಹಿಂದಿಂದ ಹೊರಗ ಕರೀರಿ," ಅಂದೆ. "ಎದುರಿಗೆ ನಿಂದರಲಿ. ನಂಗ ಆಗ್ಲಿಲ್ಲಂದ್ರ ನಾನ ಕರೀತೇನಿ."

ಗೋಡೆ ಹಿಡಿದು ಕೂತೆ. ಕಾಲು ಚಾಚಿದೆ. ಮಗಳು ಕೂಸನ್ನು ತಂದು ನನ್ನ ಮೊಣಕಾಲಿನ ಕೆಳಗೆ, ಎರಡು ಕಾಲಿನ ನಡುವಿನ ತಗ್ಗಿನಲ್ಲಿ ಮಲಗಿಸಿದಳು. ಏನು ಹೇಳಲಿ! ಕಂಬಳಿ ಸುರುಳಿಗೆ ಈ ಬಿಸಿ ಎಲ್ಲಿತ್ತು? ಎಣ್ಣೆ ತಿಕ್ಕಿದರೆ ಮೈ ಮುರಿಯುತ್ತದೆ, ನೀರು ಬಿದ್ದರೆ ತುಟಿ ಚೂಪು ಮಾಡುತ್ತದೆ, ಒಂದು ಸಲ ನನ್ನ ಸೀರೆಯ ಮೇಲೇ ಉಚ್ಚೆ ಹೊಯ್ದು ನಿರಾಳವಾಯಿತು. ಬೆನ್ನು ತಿಕ್ಕಲು ಬೋರಲು ಮಲಗಿಸಿದಾಗ ನನ್ನ ಬೆರಳು ತಾನಾಗಿ ಅದರ ಪುಟ್ಟ ಸೊಂಟದ ಮೇಲೆ ನಿಂತಿತು. ಮಗಳು ನನ್ನ ಬೆರಳನ್ನೇ ನೋಡುತ್ತಿದ್ದಳು, ಏನೋ ಅನ್ನುತ್ತಾಳೆ ಇವಳು ಅನ್ನುವ ಹಾಗೆ. ನಾನು ಏನೂ ಅನ್ನಲಿಲ್ಲ. ನೀರು ಹಾಕಿದೆ.

ಕೂಸನ್ನು ಬಟ್ಟೆಯಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟೆ. ಇನ್ನು ಏಳಬೇಕು. ಎರೆಯುವ ಹೆಂಗಸು ಒಂದು ಹೆಜ್ಜೆ ಮುಂದೆ ಬಂದಳು. ಬೇಡ ಅಂತ ಕೈ ಮಾಡಿ, ಬಾಗಿಲಲ್ಲಿ ನಿಂತ ಯಜಮಾನರನ್ನು ಕರೆದೆ.

"ಬರ್ರಿ ಇಲ್ಲಿ. ಹೆಗಲು ಕೊಡ್ರಿ."

ಅವರು ಬಗ್ಗಿದರು. ಒಂದು ಕೈ ಅವರ ಹೆಗಲ ಮೇಲೆ, ಒಂದು ಕೈ ಗೋಡೆಗೆ. ಮೊದಲ ಸಲ ಆಗಲಿಲ್ಲ. ಎರಡನೇ ಸಲ ತೊಡೆ ಬಿಗಿಯಾಗಿ ಹಿಡಿಯಿತು, ಎದ್ದೆ. ಮಂಡಿ ನೋಯಿತು, ನಿಂತೆ. ಅವರಿಗೆ ಏದುಸಿರು ಬಂದಿತ್ತು.

"ಖರೇ ಹೇಳ್ರಿ," ಅಂದೆ. "ಹ್ಯಾಂಗ ಅದೀನಿ?"

ಅವರು ಮಗಳ ಕಡೆ ನೋಡಿದರು. ಮಗಳು ಕೂಸಿನ ಕಡೆ ನೋಡಿದಳು.

"ಇನ್ನಾ ಭಾರ ಅದಿ," ಅಂದರು.

ನಾನು ಅವರ ಹೆಗಲಿನಿಂದ ಕೈ ತೆಗೆಯಲಿಲ್ಲ.

"ನಾಳೆ ಎಂಟಕ್ಕ ನೀರು ಕಾಸಿ ಇಡ್ರಿ," ಅಂದೆ.